ಹ್ಯಾಂಡಲ್ ಹೋಗಿ ಸೆಲ್ಫ್ ಬಂದದ್ದು

ನಮ್ಮ ಬ್ರಹ್ಮಸಮುದ್ರದ ಕಡೆ ಸ್ಟಾರ್ಟರ್ ಮೋಟರ್ ಅಂದರೆ ಯಾರೂ ಅನ್ನಲ್ಲ, ಸೆಲ್ಫ್ ಅಂತಾರೆ. ‘ಸೆಲ್ಫ್ ಎತ್ತಲ್ಲ’ ಅಂದರೆ ಕಲ್ಯಾಣದುರ್ಗದ ಮೆಕ್ಯಾನಿಕ್ಕಿಗೂ ಚಳ್ಳಕೆರೆಯವನಿಗೂ ಒಂದೇ ಅರ್ಥ. ಗಾಡಿ ತನ್ನಷ್ಟಕ್ಕೆ ತಾನು ಏಳುತ್ತದೆ ಎಂಬ ಬೆರಗು ಆ ಹೆಸರಲ್ಲೇ ಉಳಿದುಕೊಂಡಿದೆ.

ಅದಕ್ಕೂ ಮುಂಚೆ ಹ್ಯಾಂಡಲ್ ಕಾಲ. ಹಳೇ ಜೀಪು, ಅಂಬಾಸಿಡರ್‌ಗಳ ಮುಂದಿನ ತೂತಿಗೆ ಕಬ್ಬಿಣದ ಹ್ಯಾಂಡಲ್ ತೂರಿಸಿ ತಿರುವಬೇಕಿತ್ತು. ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕಕ್ಕೇ ಇಟ್ಟು ಹಿಡಿಯಬೇಕೆಂದು ಹಿರಿಯರು ಹೇಳಿಕೊಡುತ್ತಿದ್ದರು. ಸುತ್ತಿ ಹಿಡಿದವನಿಗೆ ಎಂಜಿನ್ ಹಿಂದಕ್ಕೆ ಒದ್ದರೆ ಬೆರಳೋ ಮಣಿಕಟ್ಟೋ ಮುರಿಯುವುದೇ. ಬಾವಿ ಮೇಲಿನ ಆಯಿಲ್ ಎಂಜಿನ್ನೂ ಹೀಗೇ. ಅದರ ಲಿವರ್ ಎತ್ತಿ, ಒಳಗಿನ ಗಾಳಿಯ ಒತ್ತಡ ಬಿಟ್ಟು, ಜೋರಾಗಿ ಸುತ್ತಿ, ಟಕ್ ಅಂತ ಲಿವರ್ ಇಳಿಸಬೇಕು.

ಅಮೆರಿಕದಲ್ಲೂ ಹ್ಯಾಂಡಲ್ಲಿನ ಏಟು ಸಣ್ಣದಲ್ಲ. ಬೈರನ್ ಕಾರ್ಟರ್ ಎಂಬ ಕಾರು ತಯಾರಕ ಆ ಗಾಯದಿಂದಲೇ 1908ರಲ್ಲಿ ತೀರಿಕೊಂಡನೆಂದೂ, ಅದರಿಂದ ನೊಂದ ಕ್ಯಾಡಿಲಾಕ್‌ನ ಹೆನ್ರಿ ಲೆಲ್ಯಾಂಡ್ ಇದಕ್ಕೊಂದು ದಾರಿ ಹುಡುಕಿಸಿದನೆಂದೂ ಹೇಳುತ್ತಾರೆ. ದಾರಿ ಕಂಡವನು ಚಾರ್ಲ್ಸ್ ಕೆಟರಿಂಗ್. ಅವನು ಮೊದಲು ಅಂಗಡಿಯ ಗಲ್ಲಾ ಯಂತ್ರಕ್ಕೆ ಕರೆಂಟಿನ ಮೋಟರ್ ಕೂಡಿಸಿದ್ದವನು. ಎಂಜಿನ್ ತಿರುಗಿಸಲು ಭಾರೀ ಮೋಟರ್ ಬೇಕೆಂದು ಎಲ್ಲರೂ ಅಂದುಕೊಂಡಿದ್ದಾಗ, ನಾಲ್ಕೈದು ಸೆಕೆಂಡಿನ ಕೆಲಸಕ್ಕೆ ಚಿಕ್ಕ ಮೋಟರಿನ ಮೇಲೆ ದೊಡ್ಡ ಭಾರ ಹೊರಿಸಬಹುದು ಎಂದು ಗಲ್ಲಾ ಯಂತ್ರದಿಂದ ಅವನಿಗೆ ಗೊತ್ತಿತ್ತು. 1912ರ ಕ್ಯಾಡಿಲಾಕ್ ಕಾರಿಗೆ ಅದು ಬಂತು. ನಮ್ಮಲ್ಲಿ ಮದ್ರಾಸಿನ ಲ್ಯೂಕಾಸ್ ಟಿವಿಎಸ್ 1961ರಲ್ಲಿ ಶುರುವಾದ ಮೇಲೆ ಸೆಲ್ಫುಗಳು ಇಲ್ಲೇ ತಯಾರಾಗತೊಡಗಿದವು.

ಸೆಲ್ಫ್ ಕೆಡುವುದೂ ಕೆಟರಿಂಗ್‌ನ ಆ ಲೆಕ್ಕದಿಂದಲೇ. ಅದು ಕ್ಷಣದ ಕೆಲಸಗಾರ. ಗಾಡಿ ಏಳಲಿಲ್ಲವೆಂದು ಕೀ ಒತ್ತಿಕೊಂಡೇ ಕೂತರೆ ಸುರುಳಿ ಸುಡುತ್ತದೆ. ಹತ್ತು ಸೆಕೆಂಡ್ ಹೊಡೆದು ಒಂದೆರಡು ನಿಮಿಷ ಬಿಡಬೇಕು.

ಉಳಿದದ್ದನ್ನು ಕಿವಿಯೇ ಹೇಳುತ್ತದೆ. ಟಕ ಟಕ ಟಕ ಅಂದರೆ ಬಹುಪಾಲು ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ಲಿಗೆ ಬಿಳಿ ಹುಡಿ ಹತ್ತಿದೆ. ಬಿಸಿನೀರು ಹಾಕಿ ಉಜ್ಜಿ ಬಿಗಿ ಮಾಡಿ, ಅರ್ತ್ ವೈರನ್ನೂ ನೋಡಿ. ಒಂದೇ ಸಲ ಟಕ್ ಅಂದು ಸುಮ್ಮನಾದರೆ ಸೊಲೆನಾಯ್ಡಿನ ಒಳಗಿನ ತಾಮ್ರ ಸುಟ್ಟಿರಬಹುದು, ಕಾರ್ಬನ್ ಸವೆದಿರಬಹುದು. ಸೆಲ್ಫಿನ ಮೈಗೆ ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿದಾಗ ಎದ್ದರೆ ಕಾರ್ಬನ್ನೇ ಅನ್ನಿ. ಗುಯ್ಯ್ ಅಂತ ತಾನು ತಿರುಗಿ ಎಂಜಿನ್ ತಿರುಗಿಸದಿದ್ದರೆ ಬೆಂಡಿಕ್ಸ್ ಜಾರುತ್ತಿದೆ. ಕಾರ್ಬನ್, ಬುಷ್ ಹಾಕಿದರೆ ಮುಗಿಯುವ ಕೆಲಸಕ್ಕೆ ಈಗ ಪೂರ್ತಿ ಸೆಲ್ಫೇ ಬದಲಿಸಿ ಅನ್ನುತ್ತಾರೆ. ಶೇಂಗಾ ಕೈಕೊಟ್ಟ ವರ್ಷ ಆ ದುಡ್ಡು ಎಲ್ಲಿಂದ ತರೋದು? ಬಿಚ್ಚಿ ತೋರಿಸು ಅಂತ ಕೇಳುವ ಹಕ್ಕು ನಮಗಿದೆ.

ಹ್ಯಾಂಡಲ್ ಹೋಯಿತು, ಅಪಾಯ ಹೋಗಲಿಲ್ಲ. ಕೀ ಕೆಲಸ ಮಾಡದಿದ್ದಾಗ ಟ್ರ್ಯಾಕ್ಟರಿನ ಪಕ್ಕ ನೆಲದ ಮೇಲೆ ನಿಂತು, ಸೆಲ್ಫಿನ ಎರಡು ಬೋಲ್ಟುಗಳಿಗೆ ಸ್ಕ್ರೂಡ್ರೈವರ್ ಅಡ್ಡ ಹಿಡಿದು ಕಿಡಿ ಹಾರಿಸಿ ಎಬ್ಬಿಸುವ ರೂಢಿ ನಮ್ಮಲ್ಲಿ ಇದೆಯಲ್ಲ, ಅದು ಹ್ಯಾಂಡಲ್ಲಿಗಿಂತ ಕೆಟ್ಟದ್ದು. ಕ್ಲಚ್ ತುಳಿಯದೆ, ಇಲ್ಲವೇ ನ್ಯೂಟ್ರಲ್ಲಿಗೆ ತರದೆ ಏಳಬಾರದೆಂದು ಇಟ್ಟ ಸ್ವಿಚ್ಚನ್ನು ಆ ಕಿಡಿ ದಾಟಿಬಿಡುತ್ತದೆ. ಗೇರಿನಲ್ಲಿದ್ದ ಟ್ರ್ಯಾಕ್ಟರ್ ಎದ್ದ ಕೂಡಲೇ ಹೊರಡುತ್ತದೆ, ಹಿಂದಿನ ದೊಡ್ಡ ಚಕ್ರದ ಎದುರು ನಿಂತವನಿಗೆ ಸರಿಯುವಷ್ಟು ಹೊತ್ತು ಸಿಗುವುದಿಲ್ಲ. ಹಾಗೆ ಏಳದಿದ್ದ ದಿನ ಆ ಸ್ವಿಚ್ಚಿನ ವೈರ್ ಕಿತ್ತಿದೆಯಾ ಅಂತ ಮೊದಲು ನೋಡಿ. ಎಷ್ಟೋ ಸಲ ತೊಂದರೆ ಅಲ್ಲೇ ಇರುತ್ತದೆ.