ಅಡ್ಡಹೆಸರು ಮತ್ತು ಡಿಎನ್‌ಎ: ವಂಶಶೋಧನೆಯ ಚರಿತ್ರೆ

ಇಂಗ್ಲೆಂಡಿನಲ್ಲಿ ಅಡ್ಡಹೆಸರು ಸುಮಾರು 700 ವರ್ಷಗಳಿಂದ ತಂದೆಯಿಂದ ಮಕ್ಕಳಿಗೆ ಬರುತ್ತಿದೆ. ಗಂಡಸಿನ ವೈ ವರ್ಣತಂತು ಕೂಡ ತಂದೆಯಿಂದ ಮಗನಿಗೆ, ಹೆಚ್ಚುಕಡಿಮೆ ಬದಲಾಗದೆ ಇಳಿದು ಬರುತ್ತದೆ. ಎರಡೂ ಜೋಡೆತ್ತಿನಂತೆ ಒಂದೇ ಜಾಡಿನಲ್ಲಿ ನಡೆದಿದ್ದರೆ, ಒಂದು ಅಡ್ಡಹೆಸರಿನವರೆಲ್ಲ ಒಬ್ಬನೇ ಮೂಲಪುರುಷನ ಸಂತತಿಯೇ ಎಂದು ಪರೀಕ್ಷಿಸಿ ನೋಡಬಹುದು.

ಹೆಸರಿನಿಂದ ರಕ್ತಸಂಬಂಧ ಅಳೆಯುವ ಯತ್ನ ಡಿಎನ್‌ಎಗಿಂತ ಹಳೆಯದು. ಚಾರ್ಲ್ಸ್ ಡಾರ್ವಿನ್‌ನ ಮಗ ಜಾರ್ಜ್ 1875ರಲ್ಲಿ, ಒಂದೇ ಅಡ್ಡಹೆಸರಿನ ವಧೂವರರನ್ನು ಲೆಕ್ಕ ಹಾಕಿ ಹತ್ತಿರದ ನೆಂಟರೊಳಗಿನ ಮದುವೆಗಳ ಪ್ರಮಾಣವನ್ನು ಅಂದಾಜು ಮಾಡಿದ್ದ.

ಡಿಎನ್‌ಎ ಈ ಕೆಲಸಕ್ಕೆ ಬಂದು ಜನರ ಕಣ್ಣಿಗೆ ಬಿದ್ದದ್ದು 1998ರಲ್ಲಿ. ಅಮೆರಿಕದ ಅಧ್ಯಕ್ಷ ಥಾಮಸ್ ಜೆಫರ್ಸನ್ ತನ್ನ ಮನೆಯ ಗುಲಾಮಳು ಸ್ಯಾಲಿ ಹೆಮಿಂಗ್ಸ್‌ಳ ಮಕ್ಕಳಿಗೆ ತಂದೆಯೇ ಎಂಬ ವಾದ ಎರಡು ಶತಮಾನ ನಡೆದಿತ್ತು. ಮದುವೆಯಾದ ಹೆಂಡತಿಯಿಂದ ಜೆಫರ್ಸನ್‌ಗೆ ಗಂಡುಸಂತಾನ ಉಳಿದಿರಲಿಲ್ಲ. ಯೂಜೀನ್ ಫಾಸ್ಟರ್ ತಂಡ ಅವನ ಚಿಕ್ಕಪ್ಪ-ದೊಡ್ಡಪ್ಪಂದಿರಲ್ಲೊಬ್ಬನಾದ ಫೀಲ್ಡ್ ಜೆಫರ್ಸನ್‌ನ ಗಂಡುಪೀಳಿಗೆಯವರನ್ನು ಹುಡುಕಿ, ಸ್ಯಾಲಿಯ ಮಗ ಎಸ್ಟನ್‌ನ ವಂಶಜನೊಡನೆ ಹೋಲಿಸಿತು. ವೈ ವರ್ಣತಂತು ತಾಳೆಯಾಯಿತು. ತಂದೆ ಜೆಫರ್ಸನ್ ಮನೆತನದವನು ಎಂಬಷ್ಟನ್ನೇ ಅದು ಹೇಳಿತು. ಆ ಮನೆತನದಲ್ಲಿ ಯಾರು ಎನ್ನುವುದಕ್ಕೆ ಹಳೆಯ ದಾಖಲೆಗಳೇ ಬೇಕಾದವು.

2000ದಲ್ಲಿ ಆಕ್ಸ್‌ಫರ್ಡ್‌ನ ತಳಿವಿಜ್ಞಾನಿ ಬ್ರಯನ್ ಸೈಕ್ಸ್ ತನ್ನ ಹೆಸರನ್ನೇ ಪರೀಕ್ಷೆಗೊಡ್ಡಿದ. ಯಾರ್ಕ್‌ಷೈರ್ ಕಡೆಯ ಮಾತಿನಲ್ಲಿ 'ಸೈಕ್' ಎಂದರೆ ಸಣ್ಣ ಹಳ್ಳ. ಹಳ್ಳದ ದಂಡೆಗೆ ಮನೆ ಕಟ್ಟಿಕೊಂಡವರು ಅಲ್ಲಲ್ಲಿ ಈ ಹೆಸರು ಪಡೆದಿರಬೇಕು, ಹಾಗಾಗಿ ಮೂಲಪುರುಷರು ಹಲವರು ಎಂದೇ ಲಿಖಿತ ದಾಖಲೆಗಳಿಂದ ಊಹಿಸಲಾಗಿತ್ತು. ಪರಸ್ಪರ ಪರಿಚಯವಿಲ್ಲದ ಸೈಕ್ಸ್‌ಗಳ ಮಾದರಿ ತರಿಸಿ ನೋಡಿದಾಗ ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲಿ ಒಂದೇ ಗುರುತು ಸಿಕ್ಕಿತು. ಮೂಲಪುರುಷ ಒಬ್ಬನೇ ಇದ್ದ ಎಂದು ಸೈಕ್ಸ್ ತೀರ್ಮಾನಿಸಿದ!

ಪರೀಕ್ಷೆ ಸರಳ. ಕೆನ್ನೆಯ ಒಳಗೋಡೆಗೆ ಪುಟ್ಟ ಬ್ರಷ್ ತಿಕ್ಕಿ ಕೋಶಗಳನ್ನು ತೆಗೆಯುತ್ತಾರೆ. ವೈ ವರ್ಣತಂತುವಿನ ಕೆಲವು ತಾಣಗಳಲ್ಲಿ ನಾಲ್ಕಕ್ಷರದ ತುಣುಕು ಜಪದಂತೆ ಮರುಕಳಿಸುತ್ತದೆ. ಒಬ್ಬನಲ್ಲಿ 14 ಸಲ, ಇನ್ನೊಬ್ಬನಲ್ಲಿ 15 ಸಲ. ಈ ಎಣಿಕೆಗಳ ಸಾಲೇ ಮನೆತನದ ಗುರುತು. ಸೈಕ್ಸ್ ನೋಡಿದ್ದು ನಾಲ್ಕೇ ತಾಣ. ಅದೇ ವರ್ಷ ಹ್ಯೂಸ್ಟನ್‌ನಲ್ಲಿ ಬೆನೆಟ್ ಗ್ರೀನ್‌ಸ್ಪ್ಯಾನ್ ಫ್ಯಾಮಿಲಿ ಟ್ರೀ ಡಿಎನ್‌ಎ ಎಂಬ ಪರೀಕ್ಷಾ ಕಂಪನಿ ಆರಂಭಿಸಿದ. ಅಲ್ಲಿ ಎಣಿಸುವ ತಾಣಗಳು ಬರಬರುತ್ತ 12ರಿಂದ 37ಕ್ಕೆ, 111ಕ್ಕೆ ಏರಿದವು.

ಲೆಸ್ಟರ್ ವಿಶ್ವವಿದ್ಯಾಲಯದ ಟ್ಯೂರಿ ಕಿಂಗ್ ಮತ್ತು ಮಾರ್ಕ್ ಜೋಬ್ಲಿಂಗ್ 2009ರಲ್ಲಿ 40 ಅಡ್ಡಹೆಸರುಗಳ 1,678 ಗಂಡಸರನ್ನು ಪರೀಕ್ಷಿಸಿದ ಫಲಿತಾಂಶ ಪ್ರಕಟಿಸಿದರು. ಅಟೆನ್‌ಬರೋದಂಥ ಅಪರೂಪದ ಹೆಸರಿನವರಲ್ಲಿ ಬಹುಪಾಲು ಜನ ಒಂದೇ ಬೇರಿನವರು. ಸ್ಮಿತ್‌ಗಳಲ್ಲಿ ಅಂಥ ನಂಟು ಕಾಣಲಿಲ್ಲ. ಸ್ಮಿತ್ ಎಂದರೆ ಕಮ್ಮಾರ. ಊರೂರಿಗೂ ಒಬ್ಬ ಕಮ್ಮಾರನಿದ್ದ.

ಅವರ ತಂಡದ 2007ರ ಶೋಧವೇ ಹೆಚ್ಚು ಮನಮುಟ್ಟುವಂಥದ್ದು. ಯಾರ್ಕ್‌ಷೈರಿನ ಅಪರೂಪದ ಹೆಸರೊಂದರ 18 ಬಿಳಿಯರಲ್ಲಿ 7 ಜನಕ್ಕೆ ಪಶ್ಚಿಮ ಆಫ್ರಿಕದ ವೈ ವರ್ಣತಂತು ಇತ್ತು. ಆಫ್ರಿಕದ ಪೂರ್ವಜನ ನೆನಪು ಯಾರಿಗೂ ಇರಲಿಲ್ಲ. ವಂಶವೃಕ್ಷ ಹುಡುಕುತ್ತ ಹೋದರೆ 1780ರ ದಶಕಕ್ಕೆ ಬಂದು ನಿಂತಿತು. ಆ ಪೂರ್ವಜ ಅದಕ್ಕಿಂತಲೂ ಹಿಂದಿನವನು.

ಹೆಸರು ತಾಳೆಯಾಗಿ ವರ್ಣತಂತು ತಾಳೆಯಾಗದಿದ್ದರೆ ಯಾರ ಮಾನವೂ ಹೋಗುವುದಿಲ್ಲ. ದತ್ತು ಬಂದವರು, ತಾಯಿಯ ಹೆಸರಿಟ್ಟುಕೊಂಡವರು, ಆಸ್ತಿಗಾಗಿ ಹೆಸರು ಬದಲಿಸಿದವರು ಎಲ್ಲ ಮನೆತನಗಳಲ್ಲೂ ಇದ್ದಾರೆ. ಆದರೆ ಒಬ್ಬರು ಕೊಟ್ಟ ಎಂಜಲು ದಾಯಾದಿಗಳೆಲ್ಲರ ಗುಟ್ಟನ್ನೂ ಹೇಳುತ್ತದೆ. ಡಿಎನ್‌ಎ ಪರೀಕ್ಷೆ ಮಾಡುವ 23ಆ್ಯಂಡ್‌ಮಿ ಕಂಪನಿಯಲ್ಲಿ 2023ರಲ್ಲಿ ಸುಮಾರು 69 ಲಕ್ಷ ಬಳಕೆದಾರರ ಮಾಹಿತಿ ಸೋರಿತು. 2025ರ ಮಾರ್ಚ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಮಾದರಿ ಕಳಿಸುವ ಮೊದಲು ಮನೆಯವರನ್ನು ಕೇಳಲೇಬೇಕು.

ಕರ್ನಾಟಕದಲ್ಲಿ ಈ ವಿಧಾನ ಇದ್ದ ಹಾಗೇ ನಡೆಯದು. ಹಳೆ ಮೈಸೂರು ಕಡೆಯ ಇನಿಷಿಯಲ್ ತಲೆಮಾರಿಗೊಮ್ಮೆ ಬದಲಾಗುತ್ತದೆ. ಉತ್ತರ ಕರ್ನಾಟಕದ ಅಡ್ಡಹೆಸರು ಎಷ್ಟೋ ಸಲ ಊರಿನದು, ಇಲ್ಲವೇ ಬಡಿಗೇರ, ಕಮ್ಮಾರ ಎಂಬಂತೆ ಕಸುಬಿನದು. ತುಳುನಾಡಿನ ಅಳಿಯಸಂತಾನದವರಲ್ಲಿ ಬಳಿ, ಅಂದರೆ ಕುಲ, ತಾಯಿಯ ಕಡೆಯಿಂದ ಬರುತ್ತದೆ. ಅಲ್ಲಿ ನೋಡಬೇಕಾದದ್ದು ತಾಯಿಯಿಂದಲೇ ಇಳಿಯುವ ಮೈಟೊಕಾಂಡ್ರಿಯ ಡಿಎನ್‌ಎ.

2012ರಲ್ಲಿ ಲೆಸ್ಟರ್‌ನ ಕಾರು ನಿಲ್ದಾಣದಡಿ ಸಿಕ್ಕ ಅಸ್ಥಿಪಂಜರ ಇಂಗ್ಲೆಂಡಿನ ಮೂರನೇ ರಿಚರ್ಡ್ ದೊರೆಯದೆಂದು ಗುರುತಿಸಲು ನೆರವಾದದ್ದೂ ಈ ತಾಯಿಯ ಎಳೆಯೇ. ಗಂಡುಪೀಳಿಗೆಯವರೆಂದು ದಾಖಲೆಗಳು ಹೇಳುವ ಐವರ ವೈ ವರ್ಣತಂತು ದೊರೆಯದರೊಡನೆ ತಾಳೆಯಾಗಲಿಲ್ಲ. ಅವನ ಅಕ್ಕ ಆ್ಯನ್‌ಳ ಹೆಣ್ಣುಪೀಳಿಗೆಯಲ್ಲಿ ಹುಟ್ಟಿದ ಮೈಕೆಲ್ ಇಬ್ಸೆನ್‌ನ ಮೈಟೊಕಾಂಡ್ರಿಯ ಡಿಎನ್‌ಎ ತಾಳೆಯಾಯಿತು. ಇಬ್ಸೆನ್ ಲಂಡನ್ನಿನಲ್ಲಿ ಮರಗೆಲಸ ಮಾಡುವವನು. 2015ರ ಮಾರ್ಚ್‌ನಲ್ಲಿ ದೊರೆಯನ್ನು ಲೆಸ್ಟರ್ ಕೆಥೀಡ್ರಲ್‌ನಲ್ಲಿ ಮತ್ತೆ ಮಣ್ಣು ಮಾಡಿದಾಗ, ಓಕ್ ಮರದ ಶವಪೆಟ್ಟಿಗೆಯನ್ನು ಮಾಡಿಕೊಟ್ಟವನು ಅವನೇ.