ಗಳಗನಾಥರ ಗಂಟು, ನನ್ನ ವಾಟ್ಸಾಪ್ ಗುಂಪು

ನಮ್ಮ ಮನೆಯ ಮಂಚದ ಕೆಳಗೆ ಬಹಳ ದಿನ ಹನ್ನೊಂದು ಪುಸ್ತಕದ ಕಟ್ಟುಗಳಿದ್ದವು. ಹಾವೇರಿ ಸೀಮೆಯ ನಮ್ಮೂರ ಕೆರೆಯ ಚರಿತ್ರೆಯನ್ನು ಬರೆದಿದ್ದೆ. ಪ್ರಕಾಶಕರು ಯಾರೂ ಒಪ್ಪದಿದ್ದಾಗ ನಿವೃತ್ತಿಯ ದುಡ್ಡಿನಲ್ಲಿ ನಾನೇ 500 ಪ್ರತಿ ಅಚ್ಚು ಹಾಕಿಸಿದೆ. ಬಿಡುಗಡೆಯ ದಿನ 60 ಪ್ರತಿ ಹೋದವು, ಅದರಲ್ಲಿ ಅರ್ಧ ಬೀಗರಿಗೆ, ಗೆಳೆಯರಿಗೆ ಕೊಟ್ಟ ಗೌರವ ಪ್ರತಿ. ಉಳಿದ 440 ಪ್ರತಿ ನಲವತ್ತರ ಕಟ್ಟಾಗಿ ಮಂಚದಡಿ ಸೇರಿದವು. ಪುಸ್ತಕದಂಗಡಿಯವರು ಶೇಕಡಾ 40 ಕಮಿಷನ್ ಕೇಳಿದರು, ಅದೂ ಮಾರಿದ ಮೇಲೆ ದುಡ್ಡು. ಫೇಸ್‌ಬುಕ್‌ನಲ್ಲಿ ಮುಖಪುಟದ ಚಿತ್ರ ಹಾಕಿದೆ. 212 ಲೈಕು ಬಂದವು, ‘ಅಭಿನಂದನೆಗಳು ಸರ್’ ಎಂದವರು 38 ಮಂದಿ, ಪುಸ್ತಕ ಕೊಂಡವರು ಐದು ಮಂದಿ. ಮನೆಯವಳು ಒಂದು ದಿನ ಕಸಬರಿಗೆ ಹಿಡಿದು ನಿಂತು, “ಈ ಮಂಚದ ಕೆಳಗ ಕಸಾ ಹೊಡಿಯೂದು ಇನ್ನ ಯಾವಾಗ್ರೀ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಅಂಥ ಹೊತ್ತಿನಲ್ಲಿ ನೆನಪಾದವರು ನಮ್ಮದೇ ಸೀಮೆಯ ಗಳಗನಾಥರು. ಹೆಸರು ವೆಂಕಟೇಶ ತಿರಕೋ ಕುಲಕರ್ಣಿ, ಊರು ಗಳಗನಾಥ, ಹುಟ್ಟಿದ್ದು 1869ರಲ್ಲಿ. ಕನ್ನಡ ಕಾದಂಬರಿಯ ಪಿತಾಮಹರೆಂದು ಅವರನ್ನು ಕರೆಯುತ್ತೇವೆ. ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರೆಂಬ ಮಾತನ್ನು ಶಾಲೆಯಲ್ಲಿ ಮಕ್ಕಳಿಗೆ ನಾನೇ ಎಷ್ಟೋ ಸಲ ಹೇಳಿದ್ದೇನೆ. ಹೇಳುವಾಗೆಲ್ಲ ಅದು ತ್ಯಾಗದ ಕಥೆಯಾಗಿತ್ತು. ಮಂಚದಡಿ ಹನ್ನೊಂದು ಕಟ್ಟು ಇಟ್ಟುಕೊಂಡ ಮೇಲೆ ಬೇರೆಯದೇ ಪ್ರಶ್ನೆ ಎದ್ದಿತು: ಹಾಗೆ ಹೊತ್ತು ಹೋದರೆ ಜನ ಯಾಕೆ ಕೊಳ್ಳುತ್ತಿದ್ದರು?

ಆ ಕಾಲವನ್ನು ಸ್ವಲ್ಪ ನೆನೆಯಬೇಕು. ಮುಂಬೈ ಪ್ರಾಂತಕ್ಕೆ ಸೇರಿದ್ದ ನಮ್ಮ ಭಾಗದಲ್ಲಿ ಓದುಬರಹ ಬಲ್ಲವರ ನಾಲಿಗೆಯ ಮೇಲೆ ಮರಾಠಿ ಇತ್ತು. ಕಾದಂಬರಿ ಬೇಕೆಂದರೆ ಹರಿ ನಾರಾಯಣ ಆಪಟೆಯವರನ್ನು ಮರಾಠಿಯಲ್ಲೇ ಓದುತ್ತಿದ್ದರು. ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದೇ 1890ರಲ್ಲಿ. ಗಳಗನಾಥರು ಬರೆಯಲು ಕೂತಾಗ ಕನ್ನಡ ಕಾದಂಬರಿಗೆ ಕಾದು ಕೂತ ಓದುಗ ಇರಲಿಲ್ಲ, ಅವನನ್ನೂ ಅವರೇ ಹುಡುಕಬೇಕಿತ್ತು. ಆಪಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಅಗಡಿಯ ಆನಂದವನದಿಂದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆ ಹೊರಟಿತು. ತಿಂಗಳು ತಿಂಗಳು ಮನೆಗೆ ಬರುವ ಪತ್ರಿಕೆಯೆಂದರೆ ಪರಿಚಯ ಬೆಳೆಯುವ ದಾರಿ. ಒಬ್ಬ ಚಂದಾದಾರ ತರಿಸಿದರೆ ಓಣಿಯ ನಾಲ್ಕು ಮನೆಯವರು ಓದುತ್ತಿದ್ದರು, ಓದು ಬಾರದವರು ಕೇಳುತ್ತಿದ್ದರು. ಹೀಗೆ ಹೆಸರು ಮೊದಲು ಮನೆ ಸೇರಿದ ಮೇಲೆ ಗಂಟು ಹೊತ್ತ ಲೇಖಕ ಬಾಗಿಲಿಗೆ ಬಂದರೆ ಅವನು ಅಪರಿಚಿತನಲ್ಲ. ‘ಮಾಧವ ಕರುಣಾವಿಲಾಸ’ದಂಥ ದೊಡ್ಡ ಕಾದಂಬರಿಗೆ ಗಿರಾಕಿ ಸಿಕ್ಕಿದ್ದು ಹೀಗೆ ಎಂದು ನನ್ನ ತಿಳಿವಳಿಕೆ.

ನಡೆದು ಮುಟ್ಟಲಾಗದ ಊರುಗಳಿಗೆ ಅಂಚೆ ಇತ್ತು. 1877ರಲ್ಲಿ ಬಂದ ವಿ.ಪಿ. ವ್ಯವಸ್ಥೆ ಪುಸ್ತಕ ಮಾರುವವರಿಗೆ ದೊಡ್ಡ ಅನುಕೂಲ. ಕಾಗದ ಬರೆದರೆ ಪುಸ್ತಕ ಬರುತ್ತದೆ, ದುಡ್ಡನ್ನು ಅಂಚೆಯವನ ಕೈಗೆ ಕೊಡುವುದು, ಅವನು ಅದನ್ನು ಲೇಖಕನಿಗೆ ಮುಟ್ಟಿಸುವುದು. ಇವತ್ತು ಕ್ಯಾಶ್ ಆನ್ ಡೆಲಿವರಿ ಎನ್ನುತ್ತೇವಲ್ಲ, ಅದರ ಮುತ್ತಜ್ಜ. ಅದರ ಸಂಕಟವೂ ಇವತ್ತಿನದೇ. ತರಿಸಿಕೊಂಡವನು ‘ಈಗ ದುಡ್ಡಿಲ್ಲ’ ಎಂದು ವಿ.ಪಿ. ಮರಳಿಸಿದರೆ ಹೋಗುವ ಬರುವ ಖರ್ಚೆಲ್ಲ ಕಳಿಸಿದವನ ತಲೆಗೆ. ಹಳೆಯ ಪತ್ರಿಕೆಗಳಲ್ಲಿ ವಿ.ಪಿ. ಹಿಂದಿರುಗಿಸಬೇಡಿರೆಂದು ಚಂದಾದಾರರನ್ನು ಬೇಡಿಕೊಳ್ಳುವುದು ಮಾಮೂಲಾಗಿತ್ತು.

ಗಂಡಸಿಗೆ ಊರೂರು ತಿರುಗುವ ಸ್ವಾತಂತ್ರ್ಯವಿತ್ತು. ಮನೆಯ ಹೊಸ್ತಿಲು ದಾಟುವುದೇ ಕಷ್ಟವಾಗಿದ್ದವರು ಏನು ಮಾಡಬೇಕು? ಇದಕ್ಕೆ ಉತ್ತರ ನಂಜನಗೂಡಿನಲ್ಲಿದೆ. 1887ರಲ್ಲಿ ಹುಟ್ಟಿದ ತಿರುಮಲಾಂಬ ಬಾಲವಿಧವೆ. ತಂದೆ ವಕೀಲರು, ಮನೆಯಲ್ಲೇ ಓದು. ಆಕೆ ‘ಸತೀಹಿತೈಷಿಣಿ’ ಗ್ರಂಥಮಾಲೆಯನ್ನು ಕಟ್ಟಿ ತಮ್ಮ ಪುಸ್ತಕಗಳನ್ನು ತಾವೇ ಪ್ರಕಟಿಸಿದರು. ‘ಸುಶೀಲೆ’ ಕಾದಂಬರಿ ಬಂದದ್ದು 1913ರಲ್ಲಿ. ಮುಂದೆ ‘ಕರ್ನಾಟಕ ನಂದಿನಿ’, ‘ಸನ್ಮಾರ್ಗದರ್ಶಿ’ ಪತ್ರಿಕೆಗಳನ್ನೂ ನಡೆಸಿದರು. ಬರೆಯುವುದು, ಅಚ್ಚಿಗೆ ಕೊಡುವುದು, ಓದುಗರಿಗೆ ಮುಟ್ಟಿಸುವುದು, ಎಲ್ಲವನ್ನೂ ಮನೆಯೊಳಗಿದ್ದೇ ಮಾಡಿದ ಹೆಣ್ಣುಮಗಳು. ಆಕೆಗೂ ಪತ್ರಿಕೆ ಮತ್ತು ಪುಸ್ತಕ ಒಂದಕ್ಕೊಂದು ಊರುಗೋಲು. ಆದರೆ ಮುಂದೆ ದಶಕಗಳ ಕಾಲ ಅವರು ಬರೆಯಲಿಲ್ಲ, ಕನ್ನಡ ಲೋಕ ಅವರನ್ನು ಬಹುಮಟ್ಟಿಗೆ ಮರೆತಿತು. 1982ರವರೆಗೆ ಬದುಕಿದ್ದರು ಎಂದು ಓದಿದಾಗ ನನಗೆ ಆಘಾತವೇ ಆಯಿತು. ನಾನು ಮಾಸ್ತರನಾಗಿ ಸೇರಿದ ಮೇಲೂ ಅವರಿದ್ದರು! ಕಟ್ಟಿದ ಓದುಗ ಬಳಗವನ್ನು ದಿನವೂ ಮಾತನಾಡಿಸುತ್ತಿರಬೇಕು, ಇಲ್ಲವಾದರೆ ಅದು ಚದುರುತ್ತದೆ.

ಮುಂದಿನ ತಲೆಮಾರು ಇದನ್ನು ಇನ್ನಷ್ಟು ಗಟ್ಟಿ ಮಾಡಿತು. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನಂಬಿ ನಿಂತಿತು: ಮೊದಲು ದುಡ್ಡು, ವರ್ಷವಿಡೀ ಪುಸ್ತಕ. ಶಿವರಾಮ ಕಾರಂತರು ‘ವಸಂತ’ ಪತ್ರಿಕೆ ನಡೆಸಿ ಕೈಸುಟ್ಟುಕೊಂಡ ಮೇಲೂ ಪುತ್ತೂರಿನಲ್ಲಿ ಮುದ್ರಣಾಲಯ ಹಾಕಿ ತಮ್ಮ ಪುಸ್ತಕಗಳನ್ನು ತಾವೇ ಅಚ್ಚು ಮಾಡಿದರು.

ಆಮೇಲೆ ಏನೋ ಬದಲಾಯಿತು. 1965ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂತು, ಕ್ರಮೇಣ ಸಗಟು ಖರೀದಿ ಬಂತು. ಊರೂರಿಗೆ ಪುಸ್ತಕ ತಲುಪಿತು, ಅದು ಸಣ್ಣ ಉಪಕಾರವಲ್ಲ. ಆದರೆ ನನ್ನಂಥ ಲೇಖಕನಿಗೆ ಓದುಗನ ಮುಖ ನೋಡದೆಯೇ ಪುಸ್ತಕ ಖರ್ಚಾಗುವ ದಾರಿಯೂ ತೆರೆಯಿತು. ನಾನೂ ಬರೆಯುವಾಗ ‘ಲೈಬ್ರರಿಗೆ ಹೋದರೆ ಸಾಕು’ ಎಂದೇ ಲೆಕ್ಕ ಹಾಕಿದ್ದೆ.

ಓದುಗ ಮತ್ತೆ ಎದುರಿಗೆ ಬಂದದ್ದು ಕಂಪ್ಯೂಟರಿನಲ್ಲಿ. 1998ರಲ್ಲಿ ‘ಬರಹ’ ತಂತ್ರಾಂಶ ಬಂತು, ಯುನಿಕೋಡ್ ಬಂತು, ಬ್ಲಾಗುಗಳು ಬಂದವು, ಅವುಗಳ ಹಿಂದೆಯೇ ಫೇಸ್‌ಬುಕ್ಕು, ವಾಟ್ಸಾಪು. ಸಾಫ್ಟ್‌ವೇರ್ ಕೆಲಸದಲ್ಲಿದ್ದ ಕತೆಗಾರ ವಸುಧೇಂದ್ರ ತಮ್ಮದೇ ‘ಛಂದ ಪುಸ್ತಕ’ ಕಟ್ಟಿದರು. ತಮ್ಮ ಪುಸ್ತಕಗಳ ಜೊತೆಗೆ ಹೊಸ ಕತೆಗಾರರ ಮೊದಲ ಸಂಕಲನಗಳನ್ನೂ ತಂದರು. 2019ರ ಅವರ ‘ತೇಜೋ ತುಂಗಭದ್ರಾ’ ಹಲವು ಮುದ್ರಣ ಕಂಡಿತು. ಇನ್ನೊಬ್ಬರ ಪುಸ್ತಕಕ್ಕಾಗಿ ದುಡಿದವರ ಮಾತಿಗೆ ಜನ ಕಿವಿಗೊಡುತ್ತಾರೆ ಎಂಬುದು ಅಲ್ಲಿ ನಾನು ಕಂಡ ಪಾಠ.

ನಾನು ಮಾಡಿದ್ದು ಇದಕ್ಕೆ ತಿರುಗುಮುರುಗು. ಪತ್ರಿಕೆಯಿಲ್ಲದೆ ಗಂಟು ಹೊತ್ತು ಹೋಗಿದ್ದೆ. ಫೇಸ್‌ಬುಕ್‌ನಲ್ಲಿ ನನ್ನ ಮೊದಲ ಮಾತೇ ‘ಪುಸ್ತಕ ಕೊಳ್ಳಿರಿ’ ಎಂದಿತ್ತು.

ಆಮೇಲೆ ಮಾರುವ ಮಾತು ಬಿಟ್ಟೆ. ಪುಣೆ, ಗೋವಾ, ಬೆಂಗಳೂರಿಗೆ ದುಡಿಯಲು ಹೋದ ನಮ್ಮೂರ ಹುಡುಗರು ಕಟ್ಟಿದ ವಾಟ್ಸಾಪ್ ಗುಂಪೊಂದಿದೆ. ಅದರಲ್ಲಿ ಪ್ರತಿ ಭಾನುವಾರ ಕೆರೆಯ ಬಗ್ಗೆ ಹತ್ತು ಸಾಲು ಬರೆದೆ: ಕೋಡಿ ಬಿದ್ದ ವರ್ಷ, ತೂಬಿನ ಕಲ್ಲು, ಮೀನು ಹರಾಜು. ಮೂರನೇ ವಾರ ಒಬ್ಬ ಹುಡುಗ ತನ್ನ ಅವ್ವ ಕೆರೆಯ ದಂಡೆಯಲ್ಲಿ ನಿಂತ ಹಳೆಯ ಫೋಟೋ ಹಾಕಿದ. ಐದನೇ ವಾರಕ್ಕೆ ಹಿರಿಯರ ಧ್ವನಿಮುದ್ರಣಗಳು ಬರತೊಡಗಿದವು. ಪುಸ್ತಕ ಕೇಳಿ ಬಂದ ಮೊದಲ ಫೋನು ಆರನೇ ವಾರದ್ದು. ನಾನು ಒಬ್ಬೊಬ್ಬರಿಗೂ ಅಂಚೆಯಲ್ಲಿ ಕಳಿಸುತ್ತ ಹೋದೆ, ಕಟ್ಟುಗಳು ಕರಗತೊಡಗಿದವು.

ಒಂದು ರಾತ್ರಿ ಗೋವಾದಿಂದ ಫೋನು. ಗೌಂಡಿ ಕೆಲಸದವನು, ನನ್ನ ಹಳೆಯ ವಿದ್ಯಾರ್ಥಿಯೇ. “ಮಾಸ್ತರ್ರ, ಪುಸ್ತಕ ಮುಟ್ಟಿತ್ರಿ, ಪೂರಾ ಓದೀನಿ. ಏರಿ ಒಡಿಯೂ ಹಂಗ ಆದ ರಾತ್ರಿ ತೂಬಿಗೆ ಇಳಿದಾಂವ ನಮ್ಮಜ್ಜರಿ. ಊರಿಗೆಲ್ಲ ಗೊತ್ತೈತಿ. ನಿಮ್ಮ ಪುಸ್ತಕದಾಗ ಗೌಡರ ಹೆಸರು ಅಷ್ಟ ಐತಿ.”

ನಾನು ಬರೆದದ್ದು ದಫ್ತರಿನ ಕಾಗದ ನೋಡಿ. ಹೊಲ ಇದ್ದವರ ಹೆಸರು ಕಾಗದದಲ್ಲಿರುತ್ತದೆ, ನೀರಿಗೆ ಇಳಿದವನ ಹೆಸರು ಇರುವುದಿಲ್ಲ. ಊರಲ್ಲೇ ಹುಟ್ಟಿ ಬೆಳೆದ ನಾನು ಅದನ್ನು ಕೇಳಿ ತಿಳಿಯಬೇಕಿತ್ತು. ಮರುದಿನ ಊರಿಗೆ ಹೋಗಿ ಮೂವರು ಮುದುಕರನ್ನು ಬೇರೆ ಬೇರೆಯಾಗಿ ಕೇಳಿದೆ, ಮೂವರೂ ಅದೇ ಹೆಸರು ಹೇಳಿದರು. ಗುಂಪಿನಲ್ಲಿ ತಪ್ಪೊಪ್ಪಿಕೊಂಡು ಬರೆದೆ. ಇನ್ನು ಪುಸ್ತಕ ಯಾರೂ ಕೊಳ್ಳಲಾರರು ಎಂದುಕೊಂಡಿದ್ದೆ, ಆ ವಾರವೇ ಅತಿ ಹೆಚ್ಚು ಪ್ರತಿ ಹೋದವು.

ಈಗ ಮಂಚದಡಿ ಎರಡೇ ಕಟ್ಟು ಉಳಿದಿವೆ. ಪ್ರತಿ ಪುಸ್ತಕದ ಕೊನೆಯ ಪುಟಕ್ಕೆ ಒಂದು ಚೀಟಿ ಅಂಟಿಸುತ್ತಿದ್ದೇವೆ, ಗೋಂದು ಹಚ್ಚುವುದು ಮನೆಯವಳ ಪಾಲು. ಆಗಲೇ ಮಾರಿದ ಪ್ರತಿಗಳಿಗೂ ಅದೇ ಚೀಟಿಯನ್ನು ಅಂಚೆಯಲ್ಲಿ ಕಳಿಸಿದ್ದೇನೆ. ಅದರಲ್ಲಿರುವುದು ಒಂದೇ ಸಾಲು, ಅಂದು ತೂಬಿಗೆ ಇಳಿದವನ ಹೆಸರು.