ಇಕಿಗಾಯ್ ಮತ್ತು ಕಾಯಕ: ದುಡಿಮೆಯಲ್ಲಿ ಬದುಕಿನ ಸಾರ್ಥಕತೆ

ಜಪಾನೀ ಭಾಷೆಯಲ್ಲಿ 'ಇಕಿ' ಎಂದರೆ ಬದುಕು, 'ಗಾಯ್' ಎಂದರೆ ಬೆಲೆ ಅಥವಾ ಸಾರ್ಥಕತೆ. ಇವೆರಡೂ ಸೇರಿ ಆದ 'ಇಕಿಗಾಯ್' ಎಂಬ ಪದವು ಬದುಕಿಗೆ ಬೆಲೆ ತರುವ ಸಂಗತಿಯನ್ನು ಸೂಚಿಸುತ್ತದೆ. ಅದು ಉದ್ಯೋಗವೇ ಆಗಿರಬೇಕೆಂದಿಲ್ಲ. ಮೊಮ್ಮಕ್ಕಳ ಪಾಲನೆ, ಹಿತ್ತಲಿನ ತೋಟ, ನೆರೆಹೊರೆಯವರ ಒಡನಾಟವೂ ಇಕಿಗಾಯ್ ಆಗಬಲ್ಲದು. 2010ರಲ್ಲಿ ಜಪಾನಿನ 2,000 ಜನರ ನಡುವೆ ನಡೆದ ಸಮೀಕ್ಷೆಯೊಂದರಲ್ಲಿ ತಮ್ಮ ಉದ್ಯೋಗವೇ ಇಕಿಗಾಯ್ ಎಂದವರು ಶೇ. 31 ಮಂದಿ ಮಾತ್ರ.

ವಿಚಾರದ ಹಿನ್ನೆಲೆ

ಈ ವಿಷಯವನ್ನು ಗಂಭೀರ ಅಧ್ಯಯನಕ್ಕೆ ಒಳಪಡಿಸಿದವರಲ್ಲಿ ಮನೋವೈದ್ಯೆ ಮಿಯೆಕೊ ಕಾಮಿಯಾ ಪ್ರಮುಖರು. ಕುಷ್ಠರೋಗಿಗಳ ಆಸ್ಪತ್ರೆಯೊಂದರಲ್ಲಿ ಸೇವೆ ಸಲ್ಲಿಸುತ್ತಿದ್ದ ಅವರನ್ನು ಒಂದು ಪ್ರಶ್ನೆ ಕಾಡಿತು. ಒಂದೇ ಬಗೆಯ ಪರಿಸ್ಥಿತಿಯಲ್ಲಿದ್ದರೂ ಕೆಲವರಿಗೆ ಬದುಕು ಶೂನ್ಯವಾಗಿ ಕಾಣುವುದೇಕೆ, ಮತ್ತೆ ಕೆಲವರಿಗೆ ಅರ್ಥಪೂರ್ಣವಾಗಿ ಕಾಣುವುದೇಕೆ? 1966ರಲ್ಲಿ ಪ್ರಕಟವಾದ ಅವರ ಗ್ರಂಥವು ಈ ಚಿಂತನೆಯ ಫಲವಾಗಿದೆ.

ಮಿಯಾಗಿ ಪ್ರಾಂತ್ಯದ ಒಸಾಕಿ ಪ್ರದೇಶದಲ್ಲಿ 40ರಿಂದ 79 ವಯಸ್ಸಿನ 43,391 ಮಂದಿಯನ್ನು ಏಳು ವರ್ಷಗಳ ಕಾಲ ಗಮನಿಸಿದ ಅಧ್ಯಯನದ ಫಲಿತಾಂಶ 2008ರಲ್ಲಿ ಹೊರಬಂದಿತು. ಇಕಿಗಾಯ್ ಇಲ್ಲವೆಂದವರಲ್ಲಿ ಮರಣ ಪ್ರಮಾಣ ಹೆಚ್ಚಾಗಿತ್ತು. ಹೃದಯ ಮತ್ತು ರಕ್ತನಾಳಗಳ ಕಾಯಿಲೆಯಿಂದಾದ ಸಾವುಗಳಲ್ಲಿ ಈ ಅಂತರ ಕಂಡುಬಂದಿತು, ಕ್ಯಾನ್ಸರ್ ಸಾವುಗಳಲ್ಲಿ ಕಾಣಲಿಲ್ಲ. ಆದರೆ ಎರಡು ಸಂಗತಿಗಳು ಜೊತೆಯಾಗಿ ಕಂಡವೆಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳಲಾಗದು.

ನಾಲ್ಕು ವೃತ್ತಗಳ ಚಿತ್ರ

ನಾವು ಪ್ರೀತಿಸುವುದು, ನಮಗೆ ಚೆನ್ನಾಗಿ ಬರುವುದು, ಜಗತ್ತಿಗೆ ಬೇಕಾದುದು, ಸಂಬಳ ತರುವುದು ಎಂಬ ನಾಲ್ಕು ವೃತ್ತಗಳು ಕೂಡುವೆಡೆಯೇ ಇಕಿಗಾಯ್ ಎಂದು ತೋರಿಸುವ ಚಿತ್ರ ಇಂದು ಪ್ರಸಿದ್ಧವಾಗಿದೆ. ಇದು ಜಪಾನಿನದಲ್ಲ. ಸ್ಪೇನ್‌ನಲ್ಲಿ ರಚಿತವಾದ, ಬದುಕಿನ ಉದ್ದೇಶವನ್ನು ಕುರಿತ ಚಿತ್ರವೊಂದಕ್ಕೆ 2014ರಲ್ಲಿ ಬ್ರಿಟಿಷ್ ಲೇಖಕರೊಬ್ಬರು ಈ ಹೆಸರನ್ನು ಸೇರಿಸಿದರು. ನಾಲ್ಕೂ ಕೂಡದಿದ್ದರೆ ತನ್ನ ಬದುಕು ವ್ಯರ್ಥವೆಂದು ಯುವಕರು ಭಾವಿಸುವಂತಾದರೆ ಅದು ಮೂಲ ಆಶಯಕ್ಕೆ ವಿರುದ್ಧವಾದುದು.

ನಮ್ಮ ನೆಲದ ಕಾಯಕ ತತ್ತ್ವ

ತುಮಕೂರು ಸೀಮೆಯವರಿಗೆ ಈ ವಿಚಾರ ಹೊಸದೆನಿಸಲಾರದು. ಸಿದ್ಧಗಂಗಾ ಕ್ಷೇತ್ರ, ತೋಂಟದ ಸಿದ್ಧಲಿಂಗರ ಗದ್ದುಗೆಯಿರುವ ಕುಣಿಗಲ್ ತಾಲ್ಲೂಕಿನ ಯಡಿಯೂರುಗಳಿಂದಾಗಿ ಇಲ್ಲಿ 'ಕಾಯಕ' ಎಂಬುದು ಮನೆಮಾತು. ಹನ್ನೆರಡನೆಯ ಶತಮಾನದ ಶರಣರು ಪ್ರಾಮಾಣಿಕ ದುಡಿಮೆಯನ್ನು ಪೂಜೆಗೆ ಸಮನಾಗಿಸಿದರು. ಅದರ ಫಲವನ್ನು ಹಂಚಿಕೊಳ್ಳುವುದನ್ನು ದಾಸೋಹವೆಂದರು. ಆಯ್ದಕ್ಕಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಪತ್ನಿ ಲಕ್ಕಮ್ಮ ಹಿಂದಕ್ಕೆ ಕಳುಹಿಸಿದ ಕಥೆ ಪ್ರಸಿದ್ಧ.

ಇಕಿಗಾಯ್ ತನಗೆ ಯಾವುದರಿಂದ ಬದುಕು ಹಿತವೆನಿಸುತ್ತದೆ ಎಂದು ಕೇಳುತ್ತದೆ. ಕಾಯಕವು ಆ ದುಡಿಮೆ ಪ್ರಾಮಾಣಿಕವೇ, ಅದರಿಂದ ಇತರರಿಗೆ ಏನು ದೊರೆಯಿತು ಎಂದೂ ಕೇಳುತ್ತದೆ. ಇದೇ ಇವೆರಡರ ನಡುವಿನ ಮುಖ್ಯ ವ್ಯತ್ಯಾಸ.

ಗುಬ್ಬಿಯ ಇಬ್ಬರು

ಗುಬ್ಬಿಯಲ್ಲಿ 1884ರಲ್ಲಿ ಆರಂಭವಾದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಗೆ ಬಾಲಕನಾಗಿ ಸೇರಿದ ವೀರಣ್ಣನವರು (1891–1972) ಮುಂದೆ ಅದರ ಒಡೆಯರಾದರು. 1934ರ 'ಕುರುಕ್ಷೇತ್ರ' ನಾಟಕದಲ್ಲಿ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ಕಂಪನಿಯ ಗರಡಿಯಲ್ಲಿ ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಪಳಗಿದರು. ಬಾಲಕನಾಗಿ ಬಂದ ಬಿ.ವಿ. ಕಾರಂತರನ್ನು ವೀರಣ್ಣನವರು ಉನ್ನತ ವ್ಯಾಸಂಗಕ್ಕೆ ಕಾಶಿಗೆ ಕಳುಹಿಸಿದರು. ಆ ಹುಡುಗ ಮುಂದೆ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು. ವೀರಣ್ಣನವರ ಆತ್ಮಕಥೆಯ ಹೆಸರು 'ಕಲೆಯೇ ಕಾಯಕ'. ಪ್ರೀತಿ, ಪರಿಣತಿ, ಜನರ ಬೇಡಿಕೆ, ಜೀವನೋಪಾಯ ನಾಲ್ಕೂ ಅವರಲ್ಲಿ ಕೂಡಿದ್ದವು ಎನ್ನಬಹುದು.

ಗುಬ್ಬಿ ತಾಲ್ಲೂಕಿನಲ್ಲೇ ಜನಿಸಿದ ಸಾಲುಮರದ ತಿಮ್ಮಕ್ಕನವರ ಬದುಕು ಬೇರೆ ಬಗೆಯದು. ಶಾಲೆಯ ಮೆಟ್ಟಿಲು ಹತ್ತದೆ, ಕಲ್ಲುಕ್ವಾರಿಯಲ್ಲಿ ಕೂಲಿ ಮಾಡಿದವರು. ಮಕ್ಕಳಿಲ್ಲದ ಕೊರಗಿನ ನಡುವೆ, ಪತಿ ಚಿಕ್ಕಯ್ಯನವರೊಡನೆ ಮಾಗಡಿ ತಾಲ್ಲೂಕಿನ ಹುಲಿಕಲ್–ಕುದೂರು ರಸ್ತೆಯ ಸುಮಾರು 4 ಕಿಲೋಮೀಟರ್ ಉದ್ದಕ್ಕೂ ಆಲದ ಸಸಿಗಳನ್ನು ನೆಟ್ಟರು, ನೀರು ಹೊತ್ತು ತಂದು ಬೆಳೆಸಿದರು. ಆ ಮರಗಳ ಸಂಖ್ಯೆ 385 ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ. 2019ರಲ್ಲಿ ಪದ್ಮಶ್ರೀ ಪುರಸ್ಕೃತರಾದ ಅವರು 2025ರ ನವೆಂಬರ್ 14ರಂದು ನಿಧನರಾದರು. ಕೂಲಿ ಅವರಿಗೆ ಅನ್ನ ನೀಡಿತು, ಮರಗಳು ಬದುಕಿಗೆ ಅರ್ಥ ನೀಡಿದವು. ಸಂಬಳದ ವೃತ್ತ ಇಲ್ಲಿ ಕೂಡಲೇ ಇಲ್ಲ.

ದಿನನಿತ್ಯದಲ್ಲಿ ಅಳವಡಿಕೆ

ತೆಂಗು, ಅಡಿಕೆ ತೋಟದಲ್ಲಿ ದುಡಿಯುವವರಿಗಾಗಲಿ, ಕಾರ್ಖಾನೆಯ ಪಾಳಿಗೆ ಹೋಗುವವರಿಗಾಗಲಿ ಕೆಲಸ ಬದಲಿಸುವ ಸ್ವಾತಂತ್ರ್ಯ ಸದಾ ಇರುವುದಿಲ್ಲ. ಅಂಥವರು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು. ನನ್ನ ಕೆಲಸದ ಫಲ ಕೊನೆಗೆ ಯಾರನ್ನು ತಲುಪುತ್ತದೆ? ಅದರ ಯಾವ ಭಾಗವನ್ನು ಯಾರೂ ನೋಡದಿದ್ದರೂ ಅಚ್ಚುಕಟ್ಟಾಗಿ ಮಾಡುತ್ತೇನೆ? ಕೆಲಸದ ಹೊರಗೆ ನನಗಾಗಿ ಕಾದಿರುವುದು ಏನು?

ಹೀಗೆಂದು ಕಡಿಮೆ ಕೂಲಿಯನ್ನೋ ಅಪಾಯದ ದುಡಿಮೆಯನ್ನೋ ಸಹಿಸಿಕೊಳ್ಳಬೇಕೆಂದು ಅರ್ಥವಲ್ಲ. ದುಡಿಸಿಕೊಳ್ಳುವವರು ಕಾಯಕದ ಹೆಸರಿನಲ್ಲಿ ನ್ಯಾಯವಾದ ವೇತನವನ್ನು ತಪ್ಪಿಸಿದರೆ ಅದು ಆ ತತ್ತ್ವಕ್ಕೇ ಮಾಡುವ ಅಪಚಾರ. ಕಾಯಕವು ದುಡಿಯುವವನ ಘನತೆಯನ್ನು ಎತ್ತಿಹಿಡಿಯಲು ಹುಟ್ಟಿದ ವಿಚಾರವೆಂಬುದನ್ನು ಮರೆಯಲಾಗದು.